ಸಾಮಾನು ಕಾಯುವ ಕೆಲಸ

ಸ್ಕೀ ಗ್ಲೌಸು ಒಣಗುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಒದ್ದೆ ಉಣ್ಣೆ, ಹಳೆಯ ಬೆವರು ಎರಡೂ ಸೇರಿ ಬಿಸಿಗಾಳಿಗೆ ಕಾದಾಗ ಬರುವ ವಾಸನೆ ಅದು. ಮಿಷಿಗನ್ನಿನ ಸೌತ್‌ಫೀಲ್ಡಿನ ನಮ್ಮ ಮನೆಯ ಲಾಂಡ್ರಿ ರೂಮಿನಲ್ಲಿ ಇವತ್ತು ಬೆಳಗಿನಿಂದ ಅದೇ ತುಂಬಿಕೊಂಡಿದೆ. ನಾನು ಆ ರೂಮಿಗೂ ಅಡುಗೆಮನೆಯ ಕಿಟಕಿಗೂ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೇನೆ. ಕಿಟಕಿಯಾಚೆಯ ಥರ್ಮಾಮೀಟರು ಐವತ್ತೆರಡು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಕಡೆಯ ಲೆಕ್ಕದಲ್ಲಿ ಹನ್ನೊಂದು, ತೋರಿಸುತ್ತಿದೆ. ಮಾರ್ಚಿನಲ್ಲಿ ಐವತ್ತೆರಡು ಬಂದರೆ ಈ ಊರಿನವರು ಹಬ್ಬ ಬಂತೆಂದು ಚಡ್ಡಿ ಹಾಕಿಕೊಂಡು ವಾಕಿಂಗ್ ಹೊರಡುತ್ತಾರೆ. ನನಗೆ ಮಾತ್ರ ಸಂಕಟ. ನೀನು ನೋಡ್ತಾ ನಿಂತರೆ ಹಿಮ ಕರಗೋದು ನಿಲ್ಲುತ್ತೇನೇ, ಐದು ನಿಮಿಷ ಕೂತ್ಕೋಬಾರದೇ ಎಂದು ನಮ್ಮ ಯಜಮಾನರು ಪೇಪರಿನ ಹಿಂದಿನಿಂದ ಎರಡು ಸಲ ಹೇಳಿಯಾಯಿತು.

ಸಂಕಟ ಯಾಕೆಂದು ಹೇಳುತ್ತೇನೆ. ನಮ್ಮ ಒಬ್ಬಳೇ ಮಗಳು ಅಪೂರ್ವ ಶಿಕಾಗೋ ಪಕ್ಕದ ಸ್ಕೋಕಿಯಲ್ಲಿದ್ದಾಳೆ, ಇಲ್ಲಿಗೆ ಐದು ಗಂಟೆಯ ದಾರಿ. ಈ ವಾರಾಂತ್ಯ ಬರುತ್ತೇನೆ, ಹಿಮ ಇದ್ದರೆ ನಿಮ್ಮೂರಿನ ಗುಡ್ಡದಲ್ಲಿ ಸ್ಕೀ ಮಾಡೋಣ ಎಂದಿದ್ದಳು. ಮನೆಯಿಂದ ನಲವತ್ತು ನಿಮಿಷ ದೂರದ ಆ ಪುಟ್ಟ ಗುಡ್ಡದಲ್ಲಿ ನಾನು ಮೂರು ಚಳಿಗಾಲ ಬಿದ್ದು, ಎದ್ದು, ಮತ್ತೆ ಬಿದ್ದಿದ್ದೇನೆ. ವಯಸ್ಸು ಐವತ್ತಾರು, ಮಂಡಿಯಿಂದ ಕಟಕಟ ಸದ್ದು. ಆಸೆ ಇರುವುದು ಒಂದೇ, ಮಗಳ ಜೊತೆಗೆ ಒಂದು ಸಲ, ಮೇಲಿನಿಂದ ಕೆಳಗಿನವರೆಗೆ ಜಾರಬೇಕು. ಅದು ಏಳು ವರ್ಷದ ಹಿಂದೆಯೇ ಆಗಬೇಕಿತ್ತು. ಆಗದೆ ಇದ್ದದ್ದಕ್ಕೆ ನಾನೇ ಕಾರಣ.

ಆಗೆಲ್ಲ ನಾವು ಮೂರು ಮನೆಯವರು ಸೇರಿ ಪ್ರತಿ ವರ್ಷ ಮಾರ್ಚಿನ ಸ್ಪ್ರಿಂಗ್ ಬ್ರೇಕ್ ರಜೆಗೆ ಉತ್ತರ ಮಿಷಿಗನ್ನಿನ ಒಂದು ಸ್ಕೀ ರೆಸಾರ್ಟಿಗೆ ಹೋಗುತ್ತಿದ್ದೆವು. ಬೆಟ್ಟದ ಬುಡದಲ್ಲಿ ಲಾಡ್ಜ್ ಎಂದು ಒಂದು ದೊಡ್ಡ ಹಜಾರ. ಅಲ್ಲಿ ಜನ ಬೂಟು ಬದಲಾಯಿಸಿ, ಬ್ಯಾಗುಗಳನ್ನು ಎಲ್ಲೆಂದರಲ್ಲಿ ಬಿಸಾಕಿ, ಬೆಟ್ಟ ಹತ್ತಿಬಿಡುತ್ತಾರೆ. ಸಂಜೆ ಬಂದರೆ ಎಲ್ಲ ಇಟ್ಟಲ್ಲೇ ಇರುತ್ತದೆ. ಆದರೆ ನಾವು ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ ಟ್ರಂಕಿನ ಮೇಲೆ ಕೂತು ಬೆಳೆದವರು. ಎಲ್ಲಿಗೆ ಹೋದರೂ ಒಬ್ಬರು ಸಾಮಾನು ಕಾಯಬೇಕು, ಇದರಲ್ಲಿ ಎರಡು ಮಾತಿಲ್ಲ. ಮೈಸೂರಿನ ಸ್ಟೇಷನ್ನಿನಲ್ಲಿ ನನ್ನಮ್ಮ ಕಾದಿದ್ದಳು, ಮಿಷಿಗನ್ನಿನ ಹಿಮದಲ್ಲಿ ನಾನು ಕಾದೆ. ಒಂಬತ್ತು ವರ್ಷ! ಕಾಯುವುದಕ್ಕೆ ಇದ್ದದ್ದಾದರೂ ಏನು? ಚಿತ್ರಾನ್ನದ ಡಬ್ಬಿ, ಚಟ್ನಿಪುಡಿ ಸವರಿ ಸುತ್ತಿದ ಚಪಾತಿ, ಫ್ಲಾಸ್ಕಿನಲ್ಲಿ ಕಾಫಿ, ಹನ್ನೊಂದು ಜೊತೆ ಬೂಟು. ಆ ಚಪಾತಿಯನ್ನು ಕದ್ದು ಯಾವ ಕಳ್ಳ ಉದ್ಧಾರವಾಗುತ್ತಾನೆ, ನೀವೇ ಹೇಳಿ.

ನಿಜ ಹೇಳಿಬಿಡುತ್ತೇನೆ, ನನಗೆ ಭಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಸಾಮಾನು ಅಂದೆ. ಹಾಗಂತ ಕೂತಲ್ಲಿ ನೆಮ್ಮದಿಯೂ ಇರಲಿಲ್ಲ. ದೊಡ್ಡ ಗಾಜಿನ ಕಿಟಕಿಯ ಪಕ್ಕ ಕಿತ್ತಳೆ ಸ್ವೆಟರು ಹಾಕಿಕೊಂಡು ಕೂತು ಚುಕ್ಕಿಗಳಂತೆ ಇಳಿದು ಬರುವ ಜನರಲ್ಲಿ ಯಾವುದು ನನ್ನ ಮಗಳು ಎಂದು ಹುಡುಕುತ್ತಿದ್ದೆ. ಸಿಕ್ಕರೆ ಬಿದ್ದಾಳೆಂದು ಎದೆ ಡವಡವ, ಸಿಗದಿದ್ದರೆ ಬಿದ್ದೇಬಿಟ್ಟಳೆಂದು ಡವಡವ. ಚಪಾತಿ ಎಣಿಸುವುದು, ಬೂಟು ಸಾಲಾಗಿ ಜೋಡಿಸುವುದು, ಮತ್ತೆ ಚಪಾತಿ ಎಣಿಸುವುದು. ಹೀಗೆ ಸಂಜೆಯಾಗುತ್ತಿತ್ತು.

ಮೇಲಿನಿಂದ ಒಂದೇ ಒಂದು ಸಲ ಜೊತೆಗೆ ಜಾರೋಣ ಬಾ ಎಂದು ಅಪೂರ್ವ ಪ್ರತಿ ವರ್ಷವೂ ಕೇಳುತ್ತಿದ್ದಳು. "ಅಮ್ಮ, ಜಸ್ಟ್ ಒನ್ ರನ್." ನಾನು ಮುಂದಿನ ವರ್ಷ ಅನ್ನುತ್ತಿದ್ದೆ. ಅವಳು ಹನ್ನೆರಡನೇ ಕ್ಲಾಸಿನಲ್ಲಿದ್ದ ವರ್ಷ, ಕೊನೆಯ ದಿನ ಬೆಳಗ್ಗೆ, ಬೂಟಿನ ಬಕಲ್ ಹಾಕಿಕೊಳ್ಳುತ್ತಾ ಮತ್ತೆ ಕೇಳಿದಳು. ಬೇಸಿಗೆ ಕಳೆದರೆ ಕಾಲೇಜು, ಇನ್ನು ಯಾವಾಗಲೋ ಏನೋ ಅಂದಳು. ಸಾಮಾನು ಯಾರು ನೋಡಿಕೊಳ್ಳುತ್ತಾರೆ ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು. ಅವಳು "ಓಕೆ" ಎಂದು ಎದ್ದು ಹೋದಳು. ಬೇರೆ ವರ್ಷಗಳಲ್ಲಿ ಮುಖ ಊದಿಸುತ್ತಿದ್ದಳು, ವಾದ ಮಾಡುತ್ತಿದ್ದಳು. ಆ ದಿನ ಏನೂ ಇಲ್ಲ. ಮಕ್ಕಳು ಜಗಳವಾಡುವುದನ್ನು ಬಿಟ್ಟರೆ ಅದಕ್ಕಿಂತ ಹೆದರಿಕೆ ಇನ್ನೊಂದಿಲ್ಲ ಎಂದು ನನಗೆ ಅವತ್ತು ತಿಳಿಯಿತು.

ಹನ್ನೆರಡೂವರೆಯ ಹೊತ್ತಿಗೆ ನನಗೆ ಕೂರಲು ಆಗಲೇ ಇಲ್ಲ. ಎದ್ದೆ. ಎಲ್ಲ ಬ್ಯಾಗು, ಡಬ್ಬಿ, ಫೋನಿದ್ದ ನನ್ನ ವ್ಯಾನಿಟಿ ಬ್ಯಾಗನ್ನೂ ಕುರ್ಚಿಯ ಮೇಲೆ ಬಿಟ್ಟು, ಸ್ವೆಟರಿನ ಮೇಲೊಂದು ಬಾಡಿಗೆ ಕೋಟು ಏರಿಸಿಕೊಂಡು ಹೊರಗೆ ಹೋಗಿ, ಹೊಸಬರ ಕ್ಲಾಸಿಗೆ ಸೇರಿಕೊಂಡೆ. ಎರಡು ಗಂಟೆಯಲ್ಲಿ ಕಲಿತು, ಮೂರೂವರೆಗೆ ಮಗಳ ಮುಂದೆ ನಿಂತು ಬೆರಗುಗೊಳಿಸುವುದು ನನ್ನ ಉಪಾಯ. ಕ್ಲಾಸಿನಲ್ಲಿ ನಾನು ಮತ್ತು ಆರು ವರ್ಷದ ಮೂವರು ಮಕ್ಕಳು. ಕಾಲಿಗೆ ಕಟ್ಟಿದ ಉದ್ದನೆಯ ಸ್ಕೀಗಳ ಮುಂದಿನ ತುದಿಗಳನ್ನು ಪಿಜ್ಜಾ ತುಂಡಿನಂತೆ ಕೂಡಿಸಿದರೆ ನಿಧಾನವಾಗುತ್ತದೆ ಎಂದು ಮೇಷ್ಟ್ರು ಹೇಳಿಕೊಟ್ಟರು. ಮಕ್ಕಳು ಪಿಜ್ಜಾ ಮಾಡಿ ನಿಂತರು. ನಾನು ಮಾಡಿದ ಪಿಜ್ಜಾ ನಿಲ್ಲಲಿಲ್ಲ, ಬೇಲಿಗೆ ಹೋಗಿ ಆತುಕೊಂಡಿತು. ಮಾರ್ಚಿನ ಹಿಮ ಮಧ್ಯಾಹ್ನದ ಹೊತ್ತಿಗೆ ನೀರುನೀರು. ಬಿದ್ದಲ್ಲೆಲ್ಲ ಒದ್ದೆ. ಆದರೂ ಎಷ್ಟೋ ವರ್ಷಗಳ ನಂತರ ನನಗೆ ಗಂಟೆ ನೋಡಬೇಕೆನಿಸಲಿಲ್ಲ. ಅದೇ ತಪ್ಪಾಯಿತು.

ಎಷ್ಟನೆಯ ಸಲವೋ ಬಿದ್ದು ಮುಖದ ಹಿಮ ಒರೆಸಿಕೊಳ್ಳುವಾಗ ಎದುರಿಗೆ ಅಪೂರ್ವ ನಿಂತಿದ್ದಳು. ಹಿಂದೆ ನಮ್ಮ ಯಜಮಾನರು, ಪಕ್ಕದಲ್ಲಿ ಕೆಂಪು ಜಾಕೆಟಿನ ಇಬ್ಬರು ಕಾವಲಿನವರು. ಒಂದೂವರೆ ಗಂಟೆಯಿಂದ ಕಿತ್ತಳೆ ಸ್ವೆಟರಿನ ಗುರುತು ಹಿಡಿದು ನನ್ನನ್ನು ಬಾತ್‌ರೂಮಿನಲ್ಲಿ, ಪಾರ್ಕಿಂಗಿನಲ್ಲಿ, ಕಾಡಿನಂಚಿನಲ್ಲಿ ಹುಡುಕುತ್ತಿದ್ದರಂತೆ. ನಾನು ನಗುತ್ತಾ ಸ್ಕೀ ತೋರಿಸಲು ಹೋದೆ. ಹುಟ್ಟಿದಾಗಿನಿಂದ ಅವತ್ತಿನವರೆಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನನ್ನ ಮಗಳು ಕನ್ನಡದಲ್ಲಿ ಬಯ್ದಳು.

"ಎಲ್ಲಿ ಹೋಗಿದ್ದೆ ನೀನು? ಪ್ರತಿ ಸಲ ಕೆಳಗೆ ಬಂದಾಗ ಫಸ್ಟು ಆ ಕಿಟಕಿ ನೋಡ್ತೀನಿ. ನೀನಿರ್ತೀಯ. ಇವತ್ತು ಬರೀ ಬ್ಯಾಗಿತ್ತು."

ಅಷ್ಟು ಹೇಳಿ ಅತ್ತಳು. ನಾನೂ ಅತ್ತೆ. ಒಂಬತ್ತು ವರ್ಷ ಅವಳನ್ನು ನೋಡುತ್ತಿರುವವಳು ನಾನು ಎಂದುಕೊಂಡಿದ್ದೆ. ಅವಳೂ ನನ್ನನ್ನು ನೋಡುತ್ತಿದ್ದಳು ಎಂಬುದು ನನ್ನ ದಡ್ಡ ತಲೆಗೆ ಹೊಳೆದೇ ಇರಲಿಲ್ಲ. ಕಣ್ಣೊರೆಸಿಕೊಂಡು, ಬಾ ಈಗಲಾದರೂ ಒಂದು ಸಲ ಹೋಗೋಣ ಎಂದು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಕಡೆ ತಿರುಗಿದರೆ ಅಲ್ಲಿಯವನು ಸರಪಳಿ ಹಾಕುತ್ತಿದ್ದ. ನಾಲ್ಕು ಗಂಟೆಯಾಗಿತ್ತು, ಲಿಫ್ಟು ಮುಚ್ಚುವ ಹೊತ್ತು. ಮನೆಗೆ ವಾಪಸು ಬರುವ ಇಡೀ ನಾಲ್ಕು ತಾಸಿನ ದಾರಿಯಲ್ಲಿ ಚಿತ್ರಾನ್ನ ಡಬ್ಬಿಯಲ್ಲೇ ಉಳಿಯಿತು.

ಆಮೇಲೆ ಕಾಲೇಜು. ಅವಳ ರಜೆಗೆ ಇಲ್ಲಿ ಮಳೆ, ಇಲ್ಲಿ ಹಿಮ ಬಿದ್ದರೆ ಅವಳಿಗೆ ಪರೀಕ್ಷೆ. ಆಮೇಲೆ ಕೆಲಸ. ಫೋನಿನಲ್ಲಿ ಅವಳು ಬರಲೇನಮ್ಮ ಎಂದರೆ ನಾನು ನಿನ್ನ ಅನುಕೂಲ ನೋಡಿಕೋ ಅನ್ನುತ್ತಿದ್ದೆ. ಮಕ್ಕಳಿಗೆ ಭಾರವಾಗಬಾರದು ಎಂಬ ದೊಡ್ಡತನ. ಈಗ ಯೋಚಿಸಿದರೆ ಅದೂ ಸಾಮಾನು ಕಾಯುವ ಜಾತಿಯದೇ ನೆಪ. ಬೇಕು ಎಂದು ಬಾಯಿಬಿಟ್ಟು ಕೇಳಲು ಭಯ.

ಇಷ್ಟು ಬರೆಯುವ ಹೊತ್ತಿಗೆ ಮೆಸೇಜು ಬಂತು, ಗುಡ್ಡ ಈ ವರ್ಷಕ್ಕೆ ಮುಚ್ಚಿದೆಯಂತೆ. ಹಿಂದೆಯೇ ಅಪೂರ್ವಳ ಫೋನು. ಅವಳಿಗೂ ಗೊತ್ತಾಗಿತ್ತು. ಹಿಮ ಇಲ್ಲವಲ್ಲ, ಆದರೂ ಬರಲಾ ಎಂದಳು.

ನಿನ್ನ ಅನುಕೂಲ ನೋಡಿಕೋ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಬಾ. ಹಿಮ ಇಲ್ದಿದ್ರೆ ಇಲ್ಲ, ಹಾಳಾಗಿ ಹೋಗ್ಲಿ. ನನಗೆ ನಿನ್ನನ್ನ ನೋಡ್ಬೇಕು."

ಆ ಕಡೆಯಿಂದ ಕಾರಿನ ಇಂಡಿಕೇಟರು ಟಿಕ್ ಟಿಕ್ ಅನ್ನುವುದು ಕೇಳಿಸಿತು.

"ಅಮ್ಮ, ನಾನು ಆಗ್ಲೇ ಕಲಾಮಜೂ ದಾಟಿದೀನಿ."

"ಮತ್ತೆ ಯಾಕೆ ಕೇಳ್ದೆ?"

"ನೀನು ಬಾ ಅನ್ನೋದು ಕೇಳ್ಬೇಕಿತ್ತು."

ಕಲಾಮಜೂನಿಂದ ಇಲ್ಲಿಗೆ ಇನ್ನೂ ಎರಡು ಗಂಟೆಯ ಮೇಲೆ ದಾರಿ ಇದೆ. ನಾನು ಆಗಲೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ಮನೆ ಮುಂದಿನ ಡ್ರೈವ್‌ವೇನಲ್ಲಿ ನಿಂತಿದ್ದೇನೆ.