ಅಣ್ಣ ಫೇಲಾದ ವರ್ಷ

ಎಪ್ಪತ್ತರ ದಶಕದ ಕೊನೆ. ಹುಣಸಮಾರನಹಳ್ಳಿಯಿಂದ ಯಲಹಂಕದ ಹೈಸ್ಕೂಲಿಗೆ ನನ್ನನ್ನು ಕಳಿಸಲು ಅಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಅಣ್ಣನ ಜೊತೆ ಹೋಗಬೇಕು, ಅವನ ಜೊತೆಯೇ ಬರಬೇಕು. ಇಬ್ಬರನ್ನೂ ಒಂದೇ ವರ್ಷ ಶಾಲೆಗೆ ಹಾಕಿದ್ದರಿಂದ ನಾವಿಬ್ಬರೂ ಒಂದೇ ತರಗತಿ. ಅವನಿಗೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಸಂಜೆ ಮುಸುರೆ ತಿಕ್ಕಿ ಬಂದು ನಾನೇ ಅವನನ್ನು ಕೂರಿಸಿಕೊಂಡು ಹೇಳಿಕೊಡುತ್ತಿದ್ದೆ. ತಂಗಿಗೆ ಅಣ್ಣನ ಮೇಲೆ ಎಷ್ಟು ಪ್ರೀತಿ ಎಂದು ಊರವರು ಹೊಗಳುತ್ತಿದ್ದರು. ನನಗಿದ್ದದ್ದು ಭಯ. ಅವನು ಫೇಲಾದರೆ ನನ್ನ ಓದೂ ಮುಗಿದಂತೆ ಎಂಬುದು ನನಗೆ ಗೊತ್ತಿತ್ತು.

ಎಸ್ಸೆಸ್ಸೆಲ್ಸಿಯಲ್ಲಿ ನಾನು ಪಾಸಾದೆ, ಅವನು ಲೆಕ್ಕದಲ್ಲಿ ಫೇಲಾದ. ನನ್ನನ್ನು ಬೆಂಗಳೂರಿನ ಕಾಲೇಜಿಗೆ ಸೇರಿಸಿ ಎಂದು ಅಪ್ಪನನ್ನು ಕೇಳಿದೆ.

"ಅವನೇ ಓಗ್ದೆ ಇರೋವಾಗ ನಿನ್ ಜೊತೆಗೆ ಯಾರವ್ವಾ ಬತ್ತಾರೆ?" ಎಂದರು ಅಪ್ಪ. ದನಿಯಲ್ಲಿ ಕೋಪವಿರಲಿಲ್ಲ. ಅಷ್ಟು ಸಹಜವಾಗಿ ಹೇಳಿದರಲ್ಲ, ಅದಕ್ಕೆ ಇಂದಿಗೂ ನನಗೆ ಸಿಟ್ಟು ಬರುತ್ತದೆ.

ಅಣ್ಣನನ್ನು ಟ್ಯುಟೋರಿಯಲ್‌ಗೆ ಹಾಕಿದರು. ಅವನು ಮತ್ತೆ ಪರೀಕ್ಷೆ ಕಟ್ಟಿದ. ಆಗಲಿಲ್ಲ, ಇನ್ನೊಮ್ಮೆ ಕಟ್ಟಿದ. ಬೆಳಿಗ್ಗೆ ಅವನ ಡಬ್ಬಿಗೆ ಅನ್ನ ತುಂಬಿ ಕೊಡುವುದು ನನ್ನ ಕೆಲಸವಾಯಿತು. ಫೇಲಾದವನಿಗೆ ಮತ್ತೊಂದು ಅವಕಾಶವಿತ್ತು. ನಾನು ಪಾಸಾಗಿಬಿಟ್ಟಿದ್ದೆ.