ಬಾಳಪ್ಪ ನುಂಗಿದ ಹಳ್ಳ

ನಿಪ್ಪಾಣಿಯಿಂದ ಬೆಳಗಿನ ಬಸ್ಸಿಗೆ ಹೊರಟೆ. ಮೇ ತಿಂಗಳು, ಆಗಲೇ ಸೀಟು ಕಾದಿತ್ತು. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಹೆಂಗಸರ ಫ್ರೀ ಟಿಕೆಟ್ ಕೊಟ್ಟ. ನಾನು ಹೊರಟದ್ದು ಜಗಳಕ್ಕೆ. ದಿಗ್ಗೇವಾಡಿಯಲ್ಲಿರುವ ತಂಗಿ ಕಸ್ತೂರಿ ಹಿಂದಿನ ದಿನ ಫೋನ್ ಮಾಡಿ, "ಅಕ್ಕಾ, ಹೊಲದಾಗ ಸವಳ ಎದ್ದೈತಿ. ನೀ ಬಂದ ಬಾಳಪ್ಪಣ್ಣಗ ಒಂದ ಮಾತ ಹೇಳ. ನಿನ್ನ ಬಾಯಿಗೆ ಹೆದರತಾನ" ಅಂದಿದ್ದಳು.

ಬಾಳಪ್ಪನದು ತಂಗಿಯ ಹೊಲದ ಕೆಳಗಿನ ಹೊಲ. ಮೇಲಿನವರು ಕಬ್ಬಿಗೆ ಹಾಯಿಸಿದ ಕಾಲುವೆ ನೀರು ಬಸಿದದ್ದೆಲ್ಲ ಒಂದು ಹಳ್ಳದಲ್ಲಿ ಕೂಡಿ, ತಂಗಿಯ ಬದುವಿಗುಂಟ ಇಳಿದು, ಅವನ ಹೊಲ ದಾಟಿ ಕೃಷ್ಣೆಗೆ ಸೇರುತ್ತಿತ್ತು. ಹೋದ ವರ್ಷ ಈ ಪುಣ್ಯಾತ್ಮ ಜೆಸಿಬಿ ತರಿಸಿ ತನ್ನ ಹೊಲದೊಳಗಿನ ಹಳ್ಳ ಮುಚ್ಚಿಸಿ ಕಬ್ಬು ಹಚ್ಚಿದ. ನಾಲ್ಕು ಸಾಲು ಹೆಚ್ಚು ಕೂತವಂತೆ. ನೀರು ಎಲ್ಲಿಗೆ ಹೋಗಬೇಕು? ತಂಗಿಯ ಎರಡೆಕರೆಯಲ್ಲಿ ನಿಂತಿತು. ಒಂದೆಕರೆ ಉಪ್ಪೇರಿ ಆಗಲೇ ಸತ್ತಿದೆ. ಮಳೆಗಾಲಕ್ಕೆ ಮೊದಲು ಹಳ್ಳ ತೆರೆಯದಿದ್ದರೆ ಇನ್ನೊಂದೂ ಹೋಗುತ್ತದೆ.

ಚಿಕ್ಕೋಡಿಯಲ್ಲಿ ಇಳಿದು ಚಹಾ ಕುಡಿದು, ಅಂಕಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಗೆ ಮುಖ ಹಚ್ಚಿ ಕೂತಿದ್ದೆ. ಸರ್ಕಾರ ಕಟ್ಟಿದ ಸಣ್ಣ ಸಣ್ಣ ಸೇತುವೆಗಳಿವೆ, ಕೆಳಗೆ ಹಳ್ಳಗಳೇ ಇಲ್ಲ. ಸೇತುವೆಯ ಬಾಯಿಯವರೆಗೂ ಕಬ್ಬು. ಬಾಳಪ್ಪ ಒಬ್ಬನೇ ಅಲ್ಲ ಅಂತ ತಿಳಿದು ಮೈ ಇನ್ನಷ್ಟು ಉರಿಯಿತು.

ಅಂಕಲಿಯಲ್ಲಿ ಟಂಟಂ ರಿಕ್ಷಾ ಹಿಡಿದೆ. ಹೊಳೆಯಲ್ಲಿ ನೀರಿದೆಯೇನಪ್ಪ ಅಂತ ಡ್ರೈವರನನ್ನು ಕೇಳಿದೆ. "ಎಲ್ಲಿ ನೀರ್ರಿ ಅಕ್ಕಾರ, ಚಪ್ಪಲಿ ತೋಯದಂಗ ದಾಟಬಹುದು" ಅಂದ.

ಹೊಳೆ ಒಣಗಿದ ಆ ಬಿಸಿಲಿನಲ್ಲಿ ತಂಗಿಯ ಹೊಲದಲ್ಲಿ ಮಾತ್ರ ಮೊಣಕಾಲುದ್ದ ನೀರು. ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿ ಸವಳು. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪುಪ್ಪು, ಕಹಿ. ಕಸ್ತೂರಿ ಬದುವಿನ ಮೇಲೇ ರೊಟ್ಟಿ, ಝುಣಕ ಬಡಿಸಿದಳು. ನಾನು ತಾಟು ಬದಿಗಿಟ್ಟು, "ನಿನ್ನ ಗಂಡ ಏನ ಮಾಡಾಕತ್ತಾನ?" ಅಂತ ರೇಗಿದೆ. "ತಹಶೀಲ್ದಾರ ಕಚೇರಿಗೆ ಮೂರ ಸಲ ಅರ್ಜಿ ಕೊಟ್ಟಾರ. ಸಾಹೇಬ್ರು ನಕಾಶೆ ತಗದ ನೋಡಿ, ಹಳ್ಳ ಐತಲ್ಲ, ಮತ್ತೇನ ತಕರಾರು ಅಂದ್ರಂತ" ಅಂದಳು. ನಗಬೇಕೋ ಅಳಬೇಕೋ!

ಬಾಳಪ್ಪನ ಮನೆಗೆ ಹೊರಡುವಷ್ಟರಲ್ಲಿ ಅವನ ಹೆಂಡತಿ ಮಾಲವ್ವನೇ ಹೊಲಕ್ಕೆ ಬಂದಳು. ಹಿಂದೆ ಐದು ಜನ ಮುತ್ತೈದೆಯರು, ಕೈಗೂಸು ಎತ್ತಿಕೊಂಡ ಬಾಣಂತಿ ಸೊಸೆ ಸವಿತಾ, ತಾಮ್ರದ ಕೊಡ, ಗುಗ್ಗರಿ. ಗಂಗಿ ಪೂಜೆ! ಹೆತ್ತವಳು ಹೊಳೆಗೋ ಹಳ್ಳಕ್ಕೋ ಹೋಗಿ, ಐದು ಕಲ್ಲಿಟ್ಟು ಪೂಜೆ ಮಾಡಿ, ಅದೇ ನೀರು ತುಂಬಿದ ಕೊಡ ಹೊತ್ತು ಮನೆ ಹೊಗುವ ಪದ್ಧತಿ ನಮ್ಮಲ್ಲಿ.

"ಹೊಳಿ ಬತ್ತೇತಿ, ನಳಕ್ಕ ಯಾರ ಗಂಗಿ ಪೂಜಿ ಮಾಡತಾರವ್ವ? ಇಲ್ಲೇ ನೀರ ಐತಲ್ಲ, ಮಾಡಕೊಂತೇವಿ" ಅಂದಳು ಮಾಲವ್ವ, ತಲೆ ಎತ್ತದೆ.

"ಇಲ್ಲಿ ನೀರ ಯಾಕ ಐತಿ ಅಂತ ಗೊತ್ತೈತೇನ ನಿನಗ?" ಅಂದೆ. ಇನ್ನೂ ಬಹಳ ಅನ್ನುವವಳಿದ್ದೆ. ಕಸ್ತೂರಿ ನನ್ನ ತೋಳು ಚಿವುಟಿ, "ಬಾಣಂತಿ ಬಿಸಲಾಗ ನಿಂತಾಳ, ಸುಮ್ಮನಿರ ಅಕ್ಕಾ" ಅಂದು ತಾನೇ ಬದುವಿನ ಮೇಲಿನ ಐದು ಕಲ್ಲು ಆರಿಸಿ ಕೊಟ್ಟಳು. ಅವಳ ಒಳ್ಳೆಯತನಕ್ಕೂ ನನಗೆ ಸಿಟ್ಟೇ ಬಂತು. ಸತ್ತ ಎಕರೆಯಲ್ಲಿ ಕಲ್ಲುಗಳಿಗೆ ಅರಿಷಿಣ ಕುಂಕುಮ ಏರಿತು. ಸವಿತಾ ಆ ಉಪ್ಪುನೀರನ್ನೇ ಕೊಡದಲ್ಲಿ ತುಂಬಿಕೊಂಡಳು.

ನಾನು ಅವರ ಹಿಂದೆಯೇ ನಡೆದೆ. ಬಾಳಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಕೊಡ ಬರುವುದು ಕಂಡು ಎದ್ದು, ಟೋಪಿ ತೆಗೆದು, ಭಕ್ತಿಯಿಂದ ಕೈ ಮುಗಿದ.

"ಬಾಳಪ್ಪಣ್ಣ, ನೀ ಕೈ ಮುಗದದ್ದು ನೀನ ಮುಚ್ಚಿದ ಹಳ್ಳಕ್ಕ" ಅಂದೆ. "ಅದನ್ನ ಮನಿಗೆ ಕರಕೊಂಡಿ. ಇನ್ನ ನಿನ್ನ ಹೊಲದಾಗೂ ದಾರಿ ಬಿಡ. ನನ್ನ ತಂಗಿ ಹೊಟ್ಟಿ ಮ್ಯಾಲ ಹೊಡೀಬ್ಯಾಡ."

ಅವನು ಟೋಪಿ ಹಾಕಿಕೊಂಡ. ಹೆದರಲೂ ಇಲ್ಲ, ರೇಗಲೂ ಇಲ್ಲ. "ಕಬ್ಬ ಕಾರ್ಖಾನಿಗೆ ಹೋದ ಮ್ಯಾಲ ನೋಡೋಣ್ರಿ ಅಕ್ಕಾರ. ಗುಗ್ಗರಿ ತಗೋರ್ರಿ" ಅಂದ. ಮಾಲವ್ವ ಗಂಡನ ಮುಖ ನೋಡಿದಳು, ಕೊಡ ನೋಡಿದಳು, ಒಳಗೆ ಹೋದಳು. ನಾನು ಗುಗ್ಗರಿ ಮುಟ್ಟಲಿಲ್ಲ. ಊರೇ ಹೆದರುವ ಬಾಯಿ ಹೊತ್ತು ಬಂದವಳು ಹಾಗೆಯೇ ಟಂಟಂ ಹಿಡಿಯಲು ಹೊರಟೆ.

ಸಂಜೆಯ ಟಂಟಂ ಹೊಲದ ಪಕ್ಕದಿಂದಲೇ ಹಾಯಿತು. ಹೊರಳಿ ನೋಡಿದೆ. ನೀರಿನ ಅಂಚಿನಲ್ಲಿ ಐದು ಹಳದಿ ಕಲ್ಲು. ಆಚೆ ಕಸ್ತೂರಿ ಸೆರಗು ಸಿಕ್ಕಿಸಿ, ಗುದ್ದಲಿ ಹಿಡಿದು, ಉಳಿದ ಎಕರೆಯ ಬದುವಿಗೆ ಒಬ್ಬಳೇ ಮಣ್ಣು ಏರಿಸುತ್ತಿದ್ದಳು. ಬಾಳಪ್ಪನ ಕಬ್ಬು ಕಾರ್ಖಾನೆಗೆ ಹೋಗುವುದು ದೀಪಾವಳಿ ಕಳೆದ ಮೇಲೆ. ಮಳೆ ಮುಂದಿನ ತಿಂಗಳೇ.