ನೀಲವ್ವನ ವರತಿಯ ಮಾಯಪ್ಪ ಕಾಕಾ

ಹೊಲದ ಹೆಸರು ಕೇಳದೆ ಮಾಯಪ್ಪ ಕಾಕಾ ಯಾರ ಬದುವನ್ನೂ ದಾಟುತ್ತಿರಲಿಲ್ಲ. ಬೆನ್ನ ಹಿಂದೆ ಇಡೀ ಕುರಿಹಿಂಡು ಧೂಳೆಬ್ಬಿಸುತ್ತ ನಿಂತಿದ್ದರೂ ಸರಿ, ಅವರು ಕೋಲನ್ನು ಗದ್ದಕ್ಕೆ ಆನಿಸಿಕೊಂಡು, "ಈ ಹೊಲದ ಹೆಸರೇನ್ರಿ?" ಎಂದು ಕೇಳಿಯೇ ಕೇಳುವರು. ಉತ್ತರ ಸಿಗದಿದ್ದರೆ ಹಿಂಡನ್ನು ತಿರುಗಿಸಿಕೊಂಡು ಹೊರಟೇ ಬಿಡುವರು.

ಮಹಾರಾಷ್ಟ್ರದ ಗಡಿಯಲ್ಲಿ, ಮಿರಜದ ಹತ್ತಿರದ ಖಂಡೇರಾಜುರಿಯ ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಖಾಲಿ ಹೊಲಕ್ಕೆ ಕುರುಬರನ್ನು ಕರೆಸಿ ಎರಡು ಮೂರು ದಿನ ಕುರಿ ತರುಬುವ ರೂಢಿ. ಹೊಲಕ್ಕೆ ಗೊಬ್ಬರವಾಗುತ್ತದೆ, ಕುರುಬರಿಗೆ ಜೋಳ ಸಿಗುತ್ತದೆ, ಹೊತ್ತಿಗೆ ಸರಿಯಾಗಿ ರೊಟ್ಟಿ ಹೋಗುತ್ತದೆ. ಅಂಥ ಒಂದು ವರ್ಷ ನಮ್ಮ ಹೊಲಕ್ಕೂ ಕಾಕಾ ಬಂದರು. ಆಗ ನಾನು ಸಾಂಗ್ಲಿಯಲ್ಲಿ ನಕಾಶೆ ಬಿಡಿಸುವ ವಿದ್ಯೆ ಕಲಿಯುತ್ತಿದ್ದೆ, ರಜೆಗೆಂದು ಊರಿಗೆ ಬಂದಿದ್ದೆ. ನಮ್ಮ ಅಪ್ಪನಿಗೆ ಸರಕಾರಿ ಕಾಗದದ ಮೇಲೆ ವಿಪರೀತ ಭಕ್ತಿ. ಬಸದಿಯಲ್ಲಿ ಸ್ತೋತ್ರ ಹೇಳುವಷ್ಟೇ ಶ್ರದ್ಧೆಯಿಂದ ಹೊಲದ ಗಟ್ ನಂಬರು ಹೇಳಿದರು.

"ಅದು ಸರಕಾರದ ನಂಬರ ಆತ್ರಿ. ನಾ ಹೆಸರ ಕೇಳಾಕತ್ತೇನಿ."

"ಹೆಸರ ತಗೊಂಡ ನಿನ್ನ ಕುರಿ ಏನ ಮಾಡ್ತಾವೋ ಮಾರಾಯ?"

"ಕುರಿ ಏನೂ ಮಾಡೂದಿಲ್ರಿ. ಮಲಗಾವ ನಾನು. ಯಾರ ಮನ್ಯಾಗ ಮಲಗೇನಿ ಅನ್ನೂದರ ಗೊತ್ತಿರಬೇಕಲ್ರಿ."

ಅಪ್ಪ ತಲೆ ಕೆರೆದುಕೊಂಡರು. ಹಿಂಡು ಆಗಲೇ ಪಕ್ಕದ ಹೊಲದ ಕಡೆ ಮುಖ ಮಾಡಿತ್ತು. ಕಣದಲ್ಲಿ ಕೂತು ಕಡಲೆ ಆರಿಸುತ್ತಿದ್ದ ನಮ್ಮ ಅಜ್ಜಿ ಅಲ್ಲಿಂದಲೇ ಕೂಗಿದಳು: "ಕುಂಟೆತ್ತಿನ ಪಟ್ಟಿ ಅಂತ ಹೇಳೋ! ಅದಕ್ಕೂ ಸರಕಾರದ ತಲಾಠಿನ ಕರಸ್ಬೇಕೇನ?"

ಕಾಕಾ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದರು. ನಮ್ಮ ಮುತ್ತಜ್ಜ ಕಾಲು ಮುರಿದ ಎತ್ತೊಂದನ್ನು ಕಟುಕರಿಗೆ ಕೊಡಲು ಒಪ್ಪದೆ, ಅದು ಸಾಯುವ ತನಕ ಮೇಯಲೆಂದು ಆ ಪಟ್ಟಿಯನ್ನು ಬಿತ್ತದೆ ಬಿಟ್ಟಿದ್ದರಂತೆ. ಈ ಕತೆಯನ್ನು ನನಗೆ ಹೇಳಿದ್ದು ನಮ್ಮ ಮನೆಯವರಲ್ಲ, ಮರುದಿನ ಮುಂಜಾನೆ ಮಾಯಪ್ಪ ಕಾಕಾ. ನಮ್ಮ ಹೊಲಕ್ಕೆ ಅವರು ಬಂದದ್ದು ಅದೇ ಮೊದಲು. ಆದರೆ ಅವರ ಅಪ್ಪ ಅಲ್ಲಿ ಮಲಗಿದ್ದರು, ಅಜ್ಜನೂ ಮಲಗಿದ್ದರು. ಹೆಸರು ಕೇಳಿದ ಕೂಡಲೇ ಅವರಿಗೆ ಎಲ್ಲ ನೆನಪಾಯಿತು.

ಅವರ ಬಾಯಲ್ಲಿ ಇಂಥ ಹೆಸರು ಎಷ್ಟಿದ್ದವೋ ದೇವರೇ ಬಲ್ಲ. ಅಣ್ಣತಮ್ಮಂದಿರು ಬಡಿದಾಡಿ ಹಂಚಿಕೊಂಡದ್ದು ಜಗಳದ ಮಡ್ಡಿ. ಸೊಸೆ ತವರಿನಿಂದ ಉಡುಗೊರೆಯಾಗಿ ತಂದದ್ದು ಸೊಸಿ ಹೊಲ. ಒಮ್ಮೆ ಸಾಸಿವೆ ಬೆಳೆದು ಹೆಸರು ಗಿಟ್ಟಿಸಿ, ಮುಂದೆ ಎಂದೂ ಸಾಸಿವೆ ಕಾಣದ್ದು ಸಾಸಿವಿ ಮಡಿ. ಹೆಸರೆಲ್ಲ ಕನ್ನಡ, ಹೊಲದವರ ಮಕ್ಕಳ ಮಾತು ಮಾತ್ರ ಮರಾಠಿ. ಆ ಮಕ್ಕಳಿಗೆ ತಮ್ಮದೇ ಹೊಲದ ಹೆಸರು ಗೊತ್ತಿಲ್ಲದಾಗ ಕಾಕಾ ಮರಾಠಿಯಲ್ಲೇ ಕೂಡಿಸಿಕೊಂಡು ಹೇಳಿಕೊಡುತ್ತಿದ್ದರು. ಓದು ಬರಹ ಅವರಿಗೆ ಬರುತ್ತಿರಲಿಲ್ಲ. "ನಾ ಮೆಟ್ಟಿದ ನೆಲ ಅಷ್ಟ ನನ್ನ ಸಾಲಿ" ಎಂದು ನಗುತ್ತಿದ್ದರು.

ನಾನು ಕಲಿತು ಮುಗಿಸಿ ಸಾಂಗ್ಲಿಯಲ್ಲಿ ಹೊಲ ಅಳೆದುಕೊಡುವ ಒಂದು ಮೋಜಣಿ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಸಾಂಗ್ಲಿವಾಡಿಯಲ್ಲಿ ಬಾಡಿಗೆ ಮನೆ, ದಿನಾ ಸೈಕಲ್ ಮೇಲೆ ಸೇತುವೆ ದಾಟಿ ಬರುವುದು. ಮನೆಮನೆಗೆ ಕೇಬಲ್ ಟಿವಿಯ ತಂತಿ, ಓಣಿಗೊಂದು ಎಸ್‌ಟಿಡಿ ಬೂತು ಬಂದ ಕಾಲ ಅದು. ನಿನ್ನೆ ತನಕ ಕಬ್ಬಿನ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಪ್ಲಾಟಿನ ಮಾತಾಡತೊಡಗಿದರು. ಮಿರಜದ ಸುತ್ತಿನ ಹೊಲಗಳಲ್ಲಿ ಸುಣ್ಣ ಬಳಿದ ಗಡಿಕಲ್ಲುಗಳು ಎದ್ದವು, ಪಕ್ಕದಲ್ಲಿ 'ನಗರ' 'ಪಾರ್ಕ್' ಎಂಬ ಬೋರ್ಡುಗಳು. ಆ ಕಲ್ಲುಗಳಿಗೆ ಜಾಗ ತೋರಿಸುತ್ತಿದ್ದವನು ನಾನು. ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು ನಾನೂ ದೊಡ್ಡ ಮನುಷ್ಯನಾದೆನೆಂದು ಬೀಗುತ್ತಿದ್ದೆ.

ಮಿರಜದ ಹೊರಗೆ ಅಂಥದೇ ಒಂದು ಹೊಲ ಅಳೆಯುವಾಗ ಕಾಕಾ ಹಿಂಡಿನೊಂದಿಗೆ ಎದುರಾದರು. ಹೊಲದ ಮೂಲೆಯಲ್ಲಿ ಕಲ್ಲುಗಳ ನಡುವೆ ಒಂದು ತಗ್ಗು, ತಗ್ಗಿನಲ್ಲಿ ಮೊಣಕಾಲು ಮುಳುಗುವಷ್ಟು ತಿಳಿನೀರು. ಕುರಿಗಳು ತಮ್ಮ ಮನೆಯೆಂಬಂತೆ ಹೋಗಿ ಬಾಯಿ ಹಚ್ಚಿದವು.

"ಇದು ನೀಲವ್ವನ ವರತಿ, ತಮ್ಮಾ" ಎಂದರು ಕಾಕಾ. "ನೀಲವ್ವ ಅಂದ್ರ ನಮ್ಮವ್ವ. ಒಂದ ಬ್ಯಾಸಿಗ್ಯಾಗ ಎಲ್ಲೆಲ್ಲೂ ನೀರಿಲ್ಲ, ಕುರಿ ನಾಲಿಗಿ ಚಾಚಿ ಬಿದ್ದಾವ. ನಮ್ಮಪ್ಪ ಕುರಿ ಬಿಟ್ಟ ಹೋಗೂನು ಅಂದ. ಅವ್ವ ಒಲ್ಲೆ ಅಂದ್ಲು. ಹಸಿ ಮಣ್ಣಿನ ವಾಸನಿ ಹಿಡದ, ಬರಿಗೈಲೆ ಕೆದರಿ ನೀರ ತಗದ್ಲು. ಆಗ ನಾ ಆಕಿ ಹೊಟ್ಟ್ಯಾಗ ಇದ್ದೆ."

ನಾನು ಮೋಜಣಿಯ ಹಾಳೆಯ ಮೇಲೆ ತಗ್ಗನ್ನು ಗುರುತು ಮಾಡುತ್ತಿದ್ದುದನ್ನು ಅವರು ಬಗ್ಗಿ ನೋಡಿದರು. "ಹೆಸರ ಬರಿಯಪ್ಪಾ" ಎಂದರು. ನಾನು ಪೆನ್ಸಿಲಿನಿಂದ ಮರಾಠಿ ಲಿಪಿಯಲ್ಲಿ ಬರೆದೆ. ಓದಿ ತೋರಿಸು ಎಂದರು, ಓದಿದೆ. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಓದಿದೆ. ಅಷ್ಟು ಖುಷಿಯಾದ ಮುಖವನ್ನು ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ. ಅಂದಿನಿಂದ ಅವರು ಹೋದಲ್ಲೆಲ್ಲ ಇದೇ ಸುದ್ದಿ: ನಮ್ಮವ್ವನ ಹೆಸರು ಸಾಂಗ್ಲಿ ಆಫೀಸಿನ ನಕಾಶೆಯಲ್ಲಿದೆ, ಕುಂಟೆತ್ತಿನ ಪಟ್ಟಿಯವರ ಹುಡುಗ ಬರೆದಿದ್ದಾನೆ.

ಆಫೀಸಿನಲ್ಲಿ ಸಾಹೇಬರು ಆ ಹಾಳೆ ನೋಡಿ ಹುಬ್ಬೇರಿಸಿದರು. ನಕಾಶೆಯಲ್ಲಿ ನೀರಿನ ಜಾಗ ಕಂಡರೆ ಅಲ್ಲಿ ಎರಡು ಪ್ಲಾಟು ಬಿಡಬೇಕಾಗುತ್ತದೆ, ಹೊಲದ ಧಣಿ ಒಪ್ಪುವುದಿಲ್ಲ. "ಇದೇನು ಊರ ಪುರಾಣ?" ಎಂದು ಮರಾಠಿಯಲ್ಲಿ ಕೇಳಿ ರಬ್ಬರನ್ನು ನನ್ನ ಕಡೆ ಸರಿಸಿದರು. ಬೈಯಲಿಲ್ಲ, ಹೆದರಿಸಲಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಅಷ್ಟೇ. ಹೆಸರನ್ನೂ ತಗ್ಗನ್ನೂ ನಾನೇ ಅಳಿಸಿದೆ. ಸಾಹೇಬರ ಮೇಲೆ ಹೊರಿಸಿ ಕೈತೊಳೆದುಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ.

ಒಂದೆರಡು ತಿಂಗಳಾಗಿರಬೇಕು. ನಡುಮಧ್ಯಾಹ್ನ ಕಾಕಾ ಕಂಬಳಿ ಹೆಗಲಿಗೆ ಹಾಕಿಕೊಂಡು ಆಫೀಸಿನ ಮೆಟ್ಟಿಲೇರಿ ಬಂದರು. ಆ ಹೊಲವನ್ನು ಸಪಾಟು ಮಾಡಲು ಮಷಿನ್ ಬರುತ್ತದೆಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಅವರ ಊರಿನ ಸಾಲಿ ಮಾಸ್ತರರು, ವರತಿ ಮುಚ್ಚಬಾರದೆಂದು ಮಿರಜದ ಸರಕಾರಿ ಕಚೇರಿಗೆ ಕೊಡಲು ತಕರಾರು ಅರ್ಜಿ ಬರೆದುಕೊಟ್ಟಿದ್ದರು. ಅದು ಕಾಕಾನ ಕೈಯಲ್ಲಿತ್ತು, ಕೆಳಗೆ ಹೆಬ್ಬೆಟ್ಟಿನ ಗುರುತು.

"ಕುಂದ್ರಿ ಕಾಕಾ" ಎಂದೆ. ಅವರು ಕೂಡಲಿಲ್ಲ.

"ಇದನ್ನ ಕೊಡಾಕ ಹೊಂಟಿದ್ದೆ. ಆದ್ರ ನಕಾಶೆದಾಗ ಹೆಸರ ಇದ್ದ ಮ್ಯಾಲೆ ನಾ ಮತ್ತ ಅರ್ಜಿ ಕೊಟ್ರ, ನಿನ್ನ ಮ್ಯಾಲೆ ನಂಬಿಗಿ ಇಲ್ಲಂದಂಗ ಆಗ್ತೈತಿ. ಅದಕ ಕೇಳಿ ಹೋಗೂನಂತ ಬಂದೇನಿ. ಐತಲ್ಲ?"

ಸಾಹೇಬರು ಮೂಲೆಯ ಮೇಜಿನಲ್ಲಿ ಫೋನು ಹಿಡಿದಿದ್ದರು, ಕಣ್ಣು ಮಾತ್ರ ನನ್ನ ಮೇಲಿತ್ತು. ನಾನು ಪಕ್ಕಾ ನಕಾಶೆಯನ್ನು ಮೇಜಿನ ಮೇಲೆ ಹರಡಿದೆ. ಮೂಲೆಯ ಎರಡು ಪ್ಲಾಟುಗಳ ನಂಬರಿನ ಮೇಲೆ ಬೆರಳಿಟ್ಟು, "ಇಲ್ಲೇ ಐತ್ರಿ ಕಾಕಾ" ಅಂದೆ.

ಅವರು ನನ್ನ ಬೆರಳನ್ನು ಮೆಲ್ಲಗೆ ಸರಿಸಿ, ಅಂಕಿಗಳನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ತುರುಕಿ, "ಆತು, ನಾ ಇನ್ನ ಕುರಿ ತಗೊಂಡ ಅಥಣಿ ಕಡೆ ಹೋಗ್ತೇನಿ" ಎಂದು ಇಳಿದು ಹೋದರು. ಮೆಟ್ಟಿಲ ತನಕ ಹೋಗಿ ಕೂಗಬಹುದಿತ್ತು. ಹಿಂಡು ಹೊರಡುವ ಮೊದಲು, ನಾಳೆ ಅವರ ಊರಿಗೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಹೋಗಲಿಲ್ಲ. ಮಷಿನ್ ಬಂದು ಒಂದೇ ದಿನದಲ್ಲಿ ಕೆಲಸ ಮುಗಿಸಿತು.

ಕಾಕಾ ಈಗಿಲ್ಲ. ಅವರು ಹೋದ ಸುದ್ದಿ ಸುಗ್ಗಿಯಲ್ಲಿ ಬಂತು. ಆ ವರ್ಷ ನಮ್ಮ ಹೊಲಕ್ಕೆ ಗೊಬ್ಬರ ಚೀಲದಲ್ಲಿ ಬಂತು. ನಾನು ಅವರನ್ನು ಕೊನೆಯ ಸಲ ಕಂಡದ್ದು ಮಿರಜದಲ್ಲಿ, ಒಂದು ದವಾಖಾನೆಯ ಎದುರಿನ ಚಹಾದಂಗಡಿಯಲ್ಲಿ. ಕಣ್ಣಿನ ಆಪರೇಷನ್ ಆಗಿತ್ತು, ಒಂದು ಕಣ್ಣಿಗೆ ಪಟ್ಟಿ. ನಾನು ಮುಖ ತಪ್ಪಿಸಿ ಹೋಗುವವನೇ ಇದ್ದೆ. ಇನ್ನೊಂದು ಕಣ್ಣು ನನ್ನನ್ನು ಹಿಡಿಯಿತು.

"ಬಾ ತಮ್ಮಾ, ಕುಂದ್ರ" ಎಂದರು. ಬೈಯುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡು ಕೂತೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

ಚಹಾ ಕುಡಿದಿಟ್ಟು ಅವರೇ ಮಾತು ತೆಗೆದರು. "ಅವ್ವನ ವರತಿ ಹೋತು. ನೀ ಅಷ್ಟ ಚಂದಾಗಿ ಬರದ ಇಟ್ಟಿದ್ದಿ. ನಾನ ಅರ್ಜಿ ಕೊಡಲಿಲ್ಲ. ಮಾಸ್ತರ ಹೇಳಿದ್ರು, ಕೊಡಪ್ಪಾ ಅಂತ. ನಕಾಶೆ ಒಂದ ಸಾಕು ಅಂತ ನಾ ಸೊಕ್ಕಲೆ ಕುರಿ ಹೊಡಕೊಂಡ ಹ್ವಾದೆ."

ನಾನು ದವಾಖಾನೆಯ ಬೋರ್ಡು ಓದತೊಡಗಿದೆ.

"ನಿನ್ನ ಬರವಣಿಗಿ ದಂಡ ಮಾಡಿದ್ನಿ. ತಪ್ಪ ನಂದ ಐತಿ. ಸಿಟ್ಟಾಗಬ್ಯಾಡ" ಎಂದು ಅವರು ನನ್ನ ಮೊಣಕೈ ಹಿಡಿದುಕೊಂಡರು.

ಒಂದು ಮಾತು ಸಾಕಿತ್ತು. ಅದನ್ನು ಹೇಳಿದ್ದರೆ ಆ ಮನುಷ್ಯ ಹಗುರಾಗಿ ಮನೆಗೆ ಹೋಗುತ್ತಿದ್ದರು. ನಾನು ಅಂಗಡಿಯವನ ಕಡೆ ತಿರುಗಿ, ಕಾಕಾನಿಗೆ ಇನ್ನೊಂದು ಚಹಾ ಕೊಡು ಅಂದೆ.